ಉಮಾವತಿಯ ಒಡಪು

ಪುಣೆ ಹತ್ತಿರದ ನಮ್ಮ ನಿಗಡಿಯ ಕನ್ನಡ ಮಹಿಳಾ ಮಂಡಳದವರು ಕೆರೆ ದಂಡೆಗುಂಟ ನಡೆಯಲು ಹೊರಟದ್ದು ನಿಸರ್ಗದ ಮೇಲಿನ ಪ್ರೀತಿಯಿಂದೇನೂ ಅಲ್ಲ, ಸಕ್ಕರೆ ಕಾಯಿಲೆಯಿಂದ. ಅರ್ಧ ಮಂಡಳಕ್ಕೆ ಡಾಕ್ಟರು ನಡೆಯಿರಿ ಎಂದಿದ್ದರು. ಪುಣೆಯಲ್ಲೇ ಹುಟ್ಟಿ ಬೆಳೆದು, ಕಾಲೇಜಿನಲ್ಲಿದ್ದಾಗ ಸುತ್ತಲಿನ ಕೋಟೆಗಳನ್ನೆಲ್ಲ ಹತ್ತಿ ಇಳಿದಿದ್ದ ಶೀತಲ್, ನಮ್ಮಲ್ಲೊಬ್ಬರ ಸೊಸೆ, ಮುಂದಾಳಾದಳು. ತೊಂಬತ್ತೆಂಟನೆಯ ಇಸವಿಯ ಅಕ್ಟೋಬರ್. ದಸರೆ ಮುಗಿದಿತ್ತು, ದೀಪಾವಳಿಯ ಚಕ್ಕುಲಿ ಗಡಿಬಿಡಿ ಶುರುವಾಗಿರಲಿಲ್ಲ. ಒಂದು ರವಿವಾರ ಬಸ್ಸು ಮಾಡಿಕೊಂಡು ಪವನಾ ಆಣೆಕಟ್ಟಿನ ಹಿನ್ನೀರಿನ ಕೆರೆಗೆ ಹೋದೆವು. ಇಳಕಲ್ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು. ನೋಡಲು ಎರಡು ಕಣ್ಣು ಸಾಲದು.

ಆ ಗುಂಪಿನಲ್ಲಿ ಉಮಾವತಿಯೂ ಇದ್ದಳು. ನಾನು ಹೇಳಹೊರಟದ್ದು ಅವಳ ಸಂಗತಿ.

ಇಂಡಿ ಕಡೆಯವಳು. ಆಕುರ್ಡಿಯ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್. ಬೆಳಗಿನಿಂದ ಸಂಜೆಯವರೆಗೆ ಊರವರ ಹೆಸರೆಲ್ಲ ಅವಳ ಬಾಯಲ್ಲಿ, ಗಂಡನ ಹೆಸರೊಂದು ಬಿಟ್ಟು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಸರಿ. ಉಮಾವತಿಯದು ಅದಕ್ಕೂ ಒಂದು ಕೈ ಹೆಚ್ಚು. ಕಾರ್ಖಾನೆಯ ಸ್ಟೋರ್ಸಿಗೆ ಅದೇ ಹೆಸರಿನ ಸಾಹೇಬರೊಬ್ಬರು ಬಂದಾಗ ಅವರ ಫೋನುಗಳನ್ನೆಲ್ಲ "ಸ್ಟೋರ್ಸ್ ಸಾಹೇಬ" ಎಂದೇ ಜೋಡಿಸಿದಳು. ಕೊನೆಗೆ ಇಡೀ ಕಾರ್ಖಾನೆ ಅವರನ್ನು ಹಾಗೇ ಕರೆಯತೊಡಗಿತು.

ಗಂಡ ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾನೆ ಎಂದು ಎಲ್ಲರಿಗೂ ಹೇಳಿದ್ದಳು. ದೀಪಾವಳಿ ಬಂತೆಂದರೆ ಪಿಂಪರಿ ಬಜಾರಿನಲ್ಲಿ ಖಜೂರ ಕೊಂಡು, ಅವರು ಕಳಿಸಿದ್ದು ಎಂದು ಮನೆಮನೆಗೆ ಹಂಚುತ್ತಿದ್ದಳು. ಆ ಮನುಷ್ಯ ಸಮುದ್ರ ದಾಟುವುದಿರಲಿ, ಪುಣೆಯನ್ನೇ ದಾಟಿರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ, ಖರಾಡಿಯಲ್ಲಿ, ಬೇರೊಬ್ಬಳೊಂದಿಗೆ ಸಂಸಾರ ಹೂಡಿದ್ದ. ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ಒಮ್ಮೆ ಅವಳು ಜ್ವರದಿಂದ ಮಲಗಿದ್ದಾಗ ಗಂಜಿ ಮಾಡಿಕೊಂಡು ಹೋಗಿದ್ದೆ, ಆಗ ಅತ್ತು ಹೇಳಿದಳು.

"ಯಾರ ಮುಂದೂ ಅನಬ್ಯಾಡ್ರಿ ಅಕ್ಕೋರ. ಗೊತ್ತಾದ್ರ ಅರಿಷಿಣ ಕುಂಕುಮಕ್ಕ ನನ್ನ ಯಾರೂ ಕರ್ಯೂದಿಲ್ರಿ."

ನಾನು ಶಾಲೆಯಲ್ಲಿ ಕನ್ನಡ ಕಲಿಸಿದವಳು, ಹಾಗಾಗಿ ಮಂಡಳಕ್ಕೆಲ್ಲ ಅಕ್ಕೋರು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ ಎಂದು ಅವತ್ತೇ ತಿಳಿಯಿತು. ಹಬ್ಬದ ಸಂಜೆ ಯಾರಾದರೂ ಬಾಗಿಲು ಬಡಿದು, ಬರ್ರಿ, ಕುಂಕುಮ ತಗೊಂಡು ಹೋಗ್ರಿ ಅನ್ನಬೇಕು. ಮಕ್ಕಳಿಲ್ಲ, ತವರಿನ ಕಡೆ ಕೇಳುವವರಿಲ್ಲ. ಅವಳ ಬಂಧು ಬಳಗವೆಲ್ಲ ಆ ಕರೆಯೊಂದೇ.

ಆದರೆ ಅರಿಷಿಣ ಕುಂಕುಮದ ಜೊತೆಗೆ ಒಡಪು ಬರುತ್ತದೆ. ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಎಲ್ಲರೆದುರು ಹೇಳಬೇಕು. ಒಡಪು ಶುರುವಾಗುವ ಸುಳಿವು ಸಿಕ್ಕರೆ ಸಾಕು, ಉಮಾವತಿ ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಎದ್ದುಬಿಡುತ್ತಿದ್ದಳು. ಅವಳ ಮನೆಯಲ್ಲಿ ಅದೆಷ್ಟು ಹಾಲು ಉಕ್ಕಿತೋ ದೇವರೇ ಬಲ್ಲ.

ಅವತ್ತು ನೀರು ದಂಡೆಯ ತನಕ ತುಂಬಿತ್ತು. ಮಳೆಗಾಲದ ಹಸಿರು ಇಳಿದು ಹುಲ್ಲು ಹಳದಿಗೆ ತಿರುಗಿತ್ತು. ಬಿಸಿಲು ಚುರುಕಾಗಿತ್ತು. ಉಮಾವತಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು, ಯಾರದೋ ಚೀಲ ಹೊತ್ತುಕೊಂಡು, ಯಾರಿಗೋ ಕೈ ಕೊಟ್ಟು ದಾಟಿಸುತ್ತ. ಅಷ್ಟು ಖುಷಿಯಲ್ಲಿ ಅವಳನ್ನು ನಾನು ನೋಡಿರಲಿಲ್ಲ.

ಅತ್ತಿಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಕಟಕರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಉಂಡು ಕೈ ತೊಳೆದದ್ದೇ ತಡ, ಎಲ್ಲರಿಗೂ ಹಿರಿಯಳಾದ ಭೀಮವ್ವ ಘೋಷಿಸಿದಳು: "ಇಷ್ಟ ಮಂದಿ ಮುತ್ತೈದೇರು ಕೂಡೀವಿ. ಒಡಪ ಹೇಳ್ದ ಯಾರೂ ಏಳಾಂಗಿಲ್ಲ."

ತಾನೇ ಶುರು ಮಾಡಿದಳು: "ಸೊಲ್ಲಾಪುರದ ಚಾದರ, ಇಳಕಲ್ಲ ಸೀರಿ, ಸಿದ್ರಾಮಪ್ಪ ನಕ್ಕರ ಹಲ್ಲಿಲ್ಲ ನೋಡ್ರಿ!"

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಶೀತಲ್ ಹೇಳಿದಳು: "ಕೆರಿ ದಂಡಿ ಮ್ಯಾಲ ತಣ್ಣನ ಗಾಳಿ, ಮನೋಹರ ಅವರಿಗೆ ಬೇಕಂತ ಪುರಣಪೋಳಿ." ನಾನು ವಿಧವೆ, ನನ್ನ ಸರದಿ ಬರುವುದಿಲ್ಲ. ಶೇಂಗಾ ಬಿಡಿಸುತ್ತ ಕೂತಿದ್ದೆ. ಉಮಾವತಿಯ ಕಡೆ ನೋಡಿದೆ. ಕೆರೆ ದಂಡೆಯಲ್ಲಿ ಕೂತು ಒಲೆಯ ಮೇಲೆ ಹಾಲಿದೆ ಅನ್ನಲು ಬರುವುದಿಲ್ಲ.

"ಅಕಿಗೆ ಬಿಸಲ ಹತ್ತೇದ, ಬಿಡ್ರಿ," ಎಂದು ನಾನೇ ಅಡ್ಡ ಬಂದೆ.

"ನೀವು ಸುಮ್ಕಿರ್ರಿ ಅಕ್ಕೋರ. ಮಸ್ಕತ್ ಸಾಹೇಬ್ರ ಹೆಸರ ಇವತ್ತರೆ ಕೇಳೂಣು," ಎಂದಳು ಭೀಮವ್ವ.

ಉಮಾವತಿ ನೀರಿನ ಕಡೆ ನೋಡುತ್ತ ಶುರು ಮಾಡಿದಳು. "ನೀರಿನಾಚಿ ಗುಡ್ಡ, ಗುಡ್ಡದಾಚಿ ಊರ..."

ಅಲ್ಲಿಗೆ ನಿಂತಳು. ಪ್ರಾಸಕ್ಕೇನೂ ಕಷ್ಟವಿರಲಿಲ್ಲ. ಹೆಸರು ಹೇಳಿ, ದೂರ ಎಂದರೆ ಮುಗಿಯುತ್ತಿತ್ತು. ಎಲ್ಲರೂ ಅದನ್ನೇ ಕಾಯುತ್ತಿದ್ದರು. ಆದರೆ ಅವನು ದೂರ ಇರಲಿಲ್ಲವಲ್ಲ.

"ಹೆಸರ ಹೇಳವಾ, ನಾಚಬ್ಯಾಡ," ಎಂದಳು ಭೀಮವ್ವ.

"ಹರಿಶ್ಚಂದ್ರ," ಎಂದಳು. ಮೊದಲಿಲ್ಲ, ಕೊನೆಯಿಲ್ಲ, ಬರೀ ಹೆಸರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ತಡೆದಿಟ್ಟ ಹೆಸರು ಹೊರಗೆ ಬಂದ ಮೇಲೆ ಉಳಿದದ್ದನ್ನು ತಡೆಯಲು ಅವಳಿಂದ ಆಗಲಿಲ್ಲ. "ಮಸ್ಕತ್ ಸುಳ್ಳರಿ. ಖರಾಡ್ಯಾಗ ಅದಾರ. ಬ್ಯಾರೆ ಸಂಸಾರ ಮಾಡ್ಯಾರ," ಎಂದಳು.

ಚಪ್ಪಾಳೆ ನಿಂತಿತು. ಭೀಮವ್ವ "ಶಿವ ಶಿವಾ" ಎಂದಳು. ಶೀತಲ್ ಗಡಬಡಿಸಿ ಅವಲಕ್ಕಿ ಚೂಡಾ ಹಂಚತೊಡಗಿದಳು. ಯಾರೋ ಬೆನ್ನು ಸವರಿದರು, ಯಾರೋ ನೀರು ಕೊಟ್ಟರು. ಕೆಟ್ಟ ಮಾತು ಒಂದೂ ಬರಲಿಲ್ಲ. ಮರಳಿ ಬರುವಾಗ ಮಾತ್ರ ಎಲ್ಲರೂ ಇಬ್ಬಿಬ್ಬರಾಗಿ ಮುಂದೆ ನಡೆದರು. ದಾರಿ ಕಿರಿದಾಗಿತ್ತು ಎಂದು ಆಮೇಲೆ ಹೇಳಿದರು. ನಾನೂ ಆ ದಾರಿಯಲ್ಲೇ ನಡೆದವಳು, ಅದು ಅಷ್ಟೇನೂ ಕಿರಿದಾಗಿರಲಿಲ್ಲ. ಉಮಾವತಿ ನನ್ನ ಜೊತೆ ನಡೆದಳು.

ಸಂಕ್ರಾಂತಿಯ ಅರಿಷಿಣ ಕುಂಕುಮ ಬಂತು. ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ರೇಷ್ಮೆ ಸೀರೆಗಳ ಸರಭರ. ಉಮಾವತಿ ಹೊಸ ಸೀರೆಯುಟ್ಟು, ಹೂ ಮುಡಿದು, ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದಳು. ಮಂಡಳದವರೆಲ್ಲ ಆ ಬಾಗಿಲ ಮುಂದೆಯೇ ಹಾದುಹೋದರು. ಭೀಮವ್ವನ ಮನೆಗೆ ಹೋಗಿ ಬೈದೇ ಬಂದೆ. "ಏನ ತಿಳ್ಕೊಂಡು ಕರೀಲಿ, ಮುತ್ತೈದಿ ಅಂತೇನು, ಹೇಳ್ರಿ ಅಕ್ಕೋರ?" ಎಂದು ನನ್ನನ್ನೇ ಕೇಳಿದಳು.

ಮರುವರ್ಷದ ಅಕ್ಟೋಬರಿನಲ್ಲಿ ಮತ್ತೆ ಅದೇ ಕೆರೆಗೆ ಹೊರಟೆವು. ನಡೆಯಲು ಬರಬೇಡ ಎಂದು ಉಮಾವತಿಗೆ ಯಾರೂ ಅನ್ನಲಿಲ್ಲ, ಬಂದಳು. ಊಟವಾಯಿತು, ಒಡಪು ಶುರುವಾಯಿತು. ಚಂದಮ್ಮನದು ಮುಗಿಯಿತು, ಅವಳ ಪಕ್ಕಕ್ಕೆ ಉಮಾವತಿ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಏನೋ ಯೋಚಿಸಿಕೊಂಡೇ ಬಂದಿದ್ದಳೆಂದು ಕಾಣುತ್ತದೆ.

"ಹಾಂ, ನೀ ಹೇಳ ಆರತಿ," ಎಂದಳು ಭೀಮವ್ವ, ಉಮಾವತಿಯ ಆಚೆ ಕೂತವಳನ್ನು ನೋಡಿ.

ಉಮಾವತಿ ಎದ್ದು ನನ್ನ ಹತ್ತಿರ ಬಂದು ಕೂತಳು. ನನ್ನ ಸೆರಗಿನಿಂದ ಒಂದು ಶೇಂಗಾ ತೆಗೆದುಕೊಂಡಳು, ಬಿಡಿಸಲಿಲ್ಲ.

"ಅವ್ರು ಬಿಟ್ಟು ಹೋದಾಗ ಇಷ್ಟ ಒಂಟಿ ಅನಿಸಿದ್ದಿಲ್ರಿ ಅಕ್ಕೋರ," ಎಂದಳು. "ಆವಾಗ ಸುಳ್ಳರೆ ಜೋಡಿಗಿತ್ತು."