ಹನ್ನೊಂದು ಜನರ ಸಂಬಳ

ಶಾಲೆ ಶುರುವಾಗುವ ಮುಂಚಿನ ಎರಡು ತಿಂಗಳು ಟೈಲರಮ್ಮನ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಹಲಗೆ, ಗೋಡೆಗೆ ಒರಗಿಸಿದ ನೀಲಿ ಬಟ್ಟೆಯ ಥಾನು. ಹಿಂದಿನ ಕೋಣೆಯಲ್ಲಿ ಒಲೆ, ಒಂದು ಮಂಚ, ಮಗಳ ಪುಸ್ತಕಗಳು. ಗಂಡ ತೀರಿಕೊಂಡ ಮೇಲೆ ಶಾಲೆ ಮಕ್ಕಳ ಯೂನಿಫಾರಂ ಹೊಲಿದೇ ಅವಳು ಸಂಸಾರವನ್ನು ನಿಲ್ಲಿಸಿದ್ದಳು.

ಅವಳದ್ದೊಂದು ಪದ್ಧತಿಯಿತ್ತು. ಅಣ್ಣತಮ್ಮಂದಿರು ಒಟ್ಟಿಗೆ ಬಂದರೆ ಎಲ್ಲರ ಅಳತೆಯನ್ನೂ ತೆಗೆದುಕೊಳ್ಳುವಳು, ಆದರೆ ಬಟ್ಟೆ ಕತ್ತರಿಸುವುದು ಮಾತ್ರ ದೊಡ್ಡವನ ಅಳತೆಗೆ. ಚಿಕ್ಕವರದ್ದನ್ನು ಒಳಗೆ ಮಡಿಸಿ ಹೊಲಿಯುವಳು. "ಇವತ್ತು ಗಿಡ್ಡ, ಎರಡು ವರ್ಷ ಹೋಗ್ಲಿ, ಅಣ್ಣನ ಹೆಗಲಿಗೆ ಬರ್ತಾನೆ. ಆಗ ಮಡಿಕೆ ಬಿಚ್ಚಿದ್ರಾಯ್ತು," ಎನ್ನುವಳು. ಈ ಲೆಕ್ಕ ಅವಳಿಗೆ ಒಂದು ಸಲವೂ ಕೈ ಕೊಟ್ಟಿರಲಿಲ್ಲ.

ಮಗಳು ಹನ್ನೆರಡನೇ ತರಗತಿ ಮುಗಿಸಿದ ವರ್ಷ ಕಂಪ್ಯೂಟರ್ ಓದುತ್ತೇನೆಂದಳು. ಎರಡು ದಾರಿಗಳಿದ್ದವು. ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಸರ್ಕಾರಿ ಕಾಲೇಜಿನಲ್ಲಾದರೆ ಮೂರು ವರ್ಷ, ಫೀಸು ಹೊಲಿಗೆ ದುಡ್ಡಿನಲ್ಲೇ ಆಗುತ್ತಿತ್ತು. ಬೇರೆ ಊರಿನ ದೊಡ್ಡ ಖಾಸಗಿ ಕಾಲೇಜಿನಲ್ಲಾದರೆ ನಾಲ್ಕು ವರ್ಷ, ಬ್ಯಾಂಕಿನಿಂದ ಎಂಟು ಲಕ್ಷ ಸಾಲ. ಹುಡುಗಿ ಸುಮ್ಮನೆ ಕೂರಲಿಲ್ಲ. ಆ ದೊಡ್ಡ ಕಾಲೇಜಿನಲ್ಲಿ ಓದಿ ಬಂದವರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, ಅಮ್ಮನ ಅಳತೆ ಚೀಟಿಯ ಹಿಂದೆ ಬರೆದುಕೊಂಡು ಬಂದಳು.

"ಹನ್ನೊಂದು ಜನರನ್ನ ಕೇಳಿದೆ ಅಮ್ಮ. ಒಬ್ಬನಿಗೆ ತಿಂಗಳಿಗೆ ಒಂದು ಲಕ್ಷ ಹತ್ತು ಸಾವಿರ. ಇಬ್ಬರಿಗೆ ಐವತ್ತರ ಹತ್ರ. ಆರು ಜನಕ್ಕೆ ಇಪ್ಪತ್ತರಿಂದ ಇಪ್ಪತ್ತೆಂಟು. ಇನ್ನಿಬ್ಬರಿಗೆ ಕೆಲಸಾನೇ ಇಲ್ಲ. ಸಾಲಾಗಿ ನಿಲ್ಲಿಸಿದ್ರೆ ಸರಿಯಾಗಿ ಮಧ್ಯದಲ್ಲಿರೋಳಿಗೆ ಇಪ್ಪತ್ನಾಲ್ಕು ಸಾವಿರ. ಅದರಲ್ಲಿ ಕಂತೇ ಹದಿಮೂರು, ಹತ್ತು ವರ್ಷ. ಸರ್ಕಾರಿ ಕಾಲೇಜಿನೋರಿಗೆ ಹದಿನೆಂಟು, ಇಪ್ಪತ್ತು ಬರುತ್ತೆ. ಆದ್ರೆ ಅಷ್ಟೂ ಅವರದ್ದೇ."

ಟೈಲರಮ್ಮ ಹಲ್ಲಿನಲ್ಲಿ ಕಚ್ಚಿದ್ದ ಸೂಜಿ ತೆಗೆದಳು. "ಆ ಲಕ್ಷದೋನು ಓದು ಮುಗಿಸಿ ಎಷ್ಟು ವರ್ಷ ಆಯ್ತು?"

"ಆರು."

"ಉಳಿದೋರು?"

"ಹೆಚ್ಚಿನೋರಿಗೆ ಎರಡು, ಮೂರು."

"ಮತ್ತೆ! ಚಿಕ್ಕೋರು ಅವರು. ಬೆಳೀತಾರೆ."

"ಸಂಬಳ ಏನು ಚಡ್ಡೀನಾ ಅಮ್ಮ, ಮಡಿಕೆ ಬಿಚ್ಚೋಕೆ? ಅವನ ಜೊತೇಲೇ ಓದಿದ ಒಬ್ಬಳಿಗೆ ಈಗಲೂ ಇಪ್ಪತ್ತೆಂಟೇ."

"ಸೋಮಾರಿ ಇರಬೇಕು ಬಿಡು. ನೀನು ಹಂಗಾ? ನೀನೇ ಆ ಲಕ್ಷದೋಳು ಆಗ್ತೀಯ, ನೋಡ್ತಿರು."

ಮಗಳು ನಕ್ಕಳು. ಮುಂದಿನ ವಾರ ಸಾಲದ ಕಾಗದಗಳಲ್ಲಿ ಬ್ಯಾಂಕಿನವನು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಟೈಲರಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.

ಓದು ಮುಗಿಯಿತು, ಕೆಲಸವೂ ಸಿಕ್ಕಿತು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ಸಂಬಳ ಇಪ್ಪತ್ನಾಲ್ಕು, ಎರಡು ವರ್ಷವಾದ ಮೇಲೆ ಇಪ್ಪತ್ತಾರು. ಹದಿಮೂರು ಕಂತಿಗೆ, ಬಾಡಿಗೆ ಊಟಕ್ಕೆ ಒಂಬತ್ತು. ಮಿಕ್ಕಿದ್ದು ಬಸ್ಸಿಗೆ, ಔಷಧಿಗೆ ಕರಗಿ ಹೋಗುತ್ತಿತ್ತು. ಇತ್ತ ಶಾಲೆಗಳು ಸಿದ್ಧ ಉಡುಪಿಗೆ ತಿರುಗಿದ್ದವು. ಟೈಲರಮ್ಮನಿಗೆ ಉಳಿದದ್ದು ಜಿಪ್ಪು ಬದಲಿಸುವುದು, ಸಡಿಲ ಮಾಡುವುದು, ಗುಂಡಿಗೆ ಕಾಜಾ ಹಾಕುವುದು.

ಒಂದು ಭಾನುವಾರ ಮಗಳು ಮನೆಗೆ ಬಂದಳು. ಅಮ್ಮನ ಪಕ್ಕ ಕೂತು ಗುಂಡಿ ಹಚ್ಚುತ್ತಾ ಮೆಲ್ಲಗೆ ವಿಷಯ ತೆಗೆದಳು. ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರೊಬ್ಬರು ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಹೇಳುವ ಯಂತ್ರವೊಂದನ್ನು ಮಾಡುತ್ತಿದ್ದರು. ಇವಳನ್ನೂ ಕರೆದಿದ್ದರು. ಮೊದಲ ವರ್ಷ ಕಲಿಯುವ ವರ್ಷ, ತಿಂಗಳಿಗೆ ಹನ್ನೆರಡು ಸಾವಿರ. ಆಮೇಲೆ ಒಳ್ಳೆಯ ಸಂಬಳ. ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಯಂತ್ರದ ಬಗ್ಗೆ ಹೇಳುವಾಗ ಹುಡುಗಿಯ ಕೈಯಲ್ಲಿದ್ದ ಗುಂಡಿ ಎರಡು ಸಲ ಜಾರಿತು. ಹಾಗೆ ಅವಳು ಮಾತಾಡಿದ್ದನ್ನು ಟೈಲರಮ್ಮ ಎಷ್ಟೋ ದಿನದಿಂದ ಕೇಳಿರಲಿಲ್ಲ.

"ಹೋಗು ಮಗಳೇ, ನಾನಿದ್ದೀನಲ್ಲ," ಎಂದಳು.

"ಎಷ್ಟು ಇದ್ದೀಯ?" ಮಗಳು ತಮಾಷೆಗೆ ಕೇಳಿದಳು.

ಟೈಲರಮ್ಮ ಅಳತೆ ಚೀಟಿಯೊಂದನ್ನು ಮಗಳ ಕಡೆ ಸರಿಸಿದಳು. "ಬರಿ, ನಾನು ಹೇಳ್ತೀನಿ," ಎಂದಳು. ದಾರ, ಬಾಡಿಗೆ, ಊಟ ಕಳೆದು ತನ್ನ ಕೈಯಲ್ಲಿ ಉಳಿಯುವುದು ಮೂರೂವರೆ ಸಾವಿರ. ಮಗಳದ್ದು ಹನ್ನೆರಡು. ಕೂಡಿದರೆ ಹದಿನೈದೂವರೆ. ಕಂತಿಗೆ, ಮಗಳ ಬಾಡಿಗೆ ಊಟಕ್ಕೆ ಬೇಕಾದದ್ದು ಇಪ್ಪತ್ತೆರಡು.

"ಆರೂವರೆ ಕಡಿಮೆ. ಬ್ಯಾಂಕಿನೋರನ್ನ ಕೇಳಿದ್ರೆ?"

"ಕೇಳಿದೆ. ವರ್ಷ ಜಾಸ್ತಿ ಮಾಡಿದ್ರೂ ಕಂತು ಒಂದೂವರೆ ಸಾವಿರ ಇಳಿಯುತ್ತೆ, ಅಷ್ಟೇ."

"ಹೊಲಿಗೆ ಯಂತ್ರ ಮಾರಿಬಿಡೋಣ."

"ಮಾರಿ ಏನು ತಿಂತೀಯ, ಸೂಜೀನಾ?"

ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು. ಟೈಲರಮ್ಮ ಇನ್ನೊಂದು ಸಲ ಮೊದಲಿಂದ ಕೂಡಿದಳು. ಆರೂವರೆಯೇ ಬಂತು.

"ಅವತ್ತು ಆ ಹನ್ನೊಂದು ಜನರನ್ನ ನೀನು ಸರಿಯಾಗಿ ತೂಗಿದ್ದೆ," ಎಂದಳು. "ನನಗೆ ಅರ್ಥ ಆಗಿರಲಿಲ್ಲ ಅಂತ ಅಲ್ಲ. ಅರ್ಥ ಆಗಿತ್ತು, ಒಪ್ಪಲಿಲ್ಲ. ಮಧ್ಯದಲ್ಲಿ ನಿಲ್ಲೋಳು ಅಂತ ನಿನ್ನ ನೋಡೋಕೆ ನನಗೆ ಇಷ್ಟ ಇರಲಿಲ್ಲ."

ಮಗಳು ದಾರ ಕಡಿದು ಅಂಗಿಯನ್ನು ಮಡಿಸಿಟ್ಟಳು. "ನನಗೂ ಇರಲಿಲ್ಲ ಅಮ್ಮ. ನೀನು ಲಕ್ಷದೋಳು ಅಂದಾಗ ಎಷ್ಟು ಖುಷಿ ಆಗಿತ್ತು ಗೊತ್ತಾ? ಚೀಟಿ ಬರೆದೋಳು ನಾನೇ. ನಾನೇ ಮರೆತುಬಿಟ್ಟೆ."

ಬೈದಿದ್ದರೆ ಟೈಲರಮ್ಮನಿಗೆ ಹಗುರಾಗುತ್ತಿತ್ತು.

ಮಗಳು ಫೋನು ಹಿಡಿದು ಹಿಂದಿನ ಕೋಣೆಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. "ಇಲ್ಲ ಸರ್, ಈ ವರ್ಷ ಆಗೋಲ್ಲ... ಹೌದು ಸರ್, ಮನೆ ಕಡೆ ಸ್ವಲ್ಪ..." ಎನ್ನುವುದು ಕೇಳಿಸಿತು. ತಡಿ ಎಂದು ಕೂಗಬೇಕೆನಿಸಿ ಟೈಲರಮ್ಮ ಅರ್ಧ ಎದ್ದಳು. ಆ ಆರೂವರೆ ನೆನಪಾಯಿತು. ಹಾಗೇ ಕೂತಳು.

"ನನ್ನ ಜೊತೆ ಓದಿದೋಳು ಒಬ್ಬಳಿದ್ದಾಳೆ ಸರ್, ತುಂಬಾ ಜಾಣೆ. ಅವಳಿಗೆ ಸಾಲ ಗೀಲ ಏನೂ ಇಲ್ಲ. ನಂಬರ್ ಹೇಳ್ತೀನಿ, ಬರ್ಕೊಳ್ಳಿ," ಎಂದು ಒಳಗಿನಿಂದ ಮಗಳು ಒಂದೊಂದೇ ಅಂಕಿ ಬಿಡಿಸಿ ಹೇಳತೊಡಗಿದಳು. ತಪ್ಪಾಗದಿರಲೆಂದು ಎರಡನೇ ಸಲವೂ ಹೇಳಿದಳು.