ತಂಬಿಗೆ ಎಂದರೆ ಬಾವಿ

ಟ್ರಂಕಿನ ಬಟ್ಟೆಗಳನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವುದು ನನ್ನ ಪದ್ಧತಿ. ಈ ಸಲ ತಳದಲ್ಲಿ ಅಂಗೈಯಗಲದ ಕಂಬಳಿ ತುಂಡು ಸಿಕ್ಕಿತು. ಮೂಗಿಗೆ ಹಿಡಿದೆ. ಕುರಿಯ ಉಣ್ಣೆ, ಕಂಬಳಿಗೆ ಹಾಕುವ ಹುಣಸೆಬೀಜದ ಗಂಜಿ… ವಾಸನೆ ಪೂರ್ತಿ ಹೋಗಿರಲಿಲ್ಲ. ಶಿರಾದ ಆ ಮಧ್ಯಾಹ್ನದ ಹೆದರಿಕೆಯೂ ಹೋಗಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತಮ್ಮನಿಗೆ ಮಾತಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಪಾತ್ರೆ ಬಿದ್ದರೆ ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಆಟಿಸಂ ಎಂಬ ಮಾತನ್ನು ನಾನು ಕೇಳಿದ್ದು ತಲೆ ನರೆತ ಮೇಲೆ. ಆಗ ಎಲ್ಲರೂ ಹೇಳುತ್ತಿದ್ದುದು ಒಂದೇ, ಗಾಳಿ ಸೋಕಿದೆ ಎಂದು. ಬಡವನಹಳ್ಳಿ ಕಡೆಯ ಮುದುಕನೊಬ್ಬ ಇಂಥ ಮಕ್ಕಳ ಹೊಟ್ಟೆಗೆ ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದ. ಅಪ್ಪ ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿದ್ದರು. ಅಮ್ಮ ಕಾಲು ಹಿಡಿದು, ಬೇಸಿಗೆ ಮುಗಿಯುವವರೆಗೆ ತಡೆಯಿರಿ ಎಂದು ಬೇಡಿಕೊಂಡು ತಮ್ಮನನ್ನು ಖಾಲಾ ಅವರ ಶಾಲೆಗೆ ಕಳಿಸಿದ್ದಳು.

ಖಾಲಾ ಎಂದರೆ ಚಿಕ್ಕಮ್ಮ. ಹಿಂದಿನ ಬೀದಿಯ ಆ ಸಾಬರ ಮನೆಯಾಕೆಯನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಅವರ ಮಗಳೂ ನನ್ನ ತಮ್ಮನಂತೆಯೇ. ಯಾವ ಶಾಲೆಯೂ ಸೇರಿಸಿಕೊಳ್ಳದಿದ್ದಾಗ ಮನೆಯ ಹಜಾರವನ್ನೇ ಶಾಲೆ ಮಾಡಿದರು. ಅವರ ಮಗಳು, ನನ್ನ ತಮ್ಮ, ಗೌಡಗೆರೆ ಕಡೆಯ ಕುರಿಗಾಹಿಗಳ ಒಬ್ಬ ಹುಡುಗ… ಅಷ್ಟೇ ಮಕ್ಕಳು. ಅಲ್ಲಿ ಹಲಗೆ ಬಳಪ ಇರಲಿಲ್ಲ. ಪ್ರತಿ ಕೆಲಸಕ್ಕೂ ಖಾಲಾ ಮಕ್ಕಳ ಕೈಗೆ ಒಂದು ವಸ್ತು ಕೊಡುತ್ತಿದ್ದರು. ಕಡಲೆಕಾಯಿ ಕೊಟ್ಟರೆ ಊಟ. ಕಂಬಳಿ ತುಂಡು ಕೊಟ್ಟರೆ ಮನೆಗೆ. ತಂಬಿಗೆ ಕೊಟ್ಟರೆ ಬಾವಿಗೆ. ಅಲ್ಲಿ ನೀರಿನ ಅಂಚಿನ ಮೆಟ್ಟಿಲಲ್ಲಿ ಕೂರಬೇಕು, ಖಾಲಾ ಕೈಕಾಲು ತೊಳೆಸುವವರೆಗೆ ಏಳಬಾರದು. ದಿನವೂ ಅದೇ ಕ್ರಮ. ಕ್ರಮ ತಪ್ಪದಿದ್ದರೆ ತಮ್ಮ ಕಿರುಚುತ್ತಿರಲಿಲ್ಲ. ನನ್ನ ಶಿಸ್ತೂ ಆ ಹಜಾರದ ಬಾಗಿಲಲ್ಲಿ ನಿಂತು ಕಲಿತದ್ದೇ.

ಅಂದು ಶುಕ್ರವಾರ, ಖಾಲಾ ಶಾಲೆಗೆ ರಜೆ. ಐ.ಡಿ.ಹಳ್ಳಿಯಿಂದ ಬಂದಿದ್ದ ಅಜ್ಜಿ ತಮ್ಮನಿಗೆ ಮಜ್ಜಿಗೆ ಕೊಟ್ಟು ಒಳಗೆ ಹೋದಳು. ಬಂದು ನೋಡಿದರೆ ತಮ್ಮ ಇಲ್ಲ.

ಬೀದಿಯೆಲ್ಲ ಕೂಗಿದೆವು. ಕೂಗಿದರೆ ಓಗೊಡುವ ಮಗುವೇ ಅದು? ಅಜ್ಜಿ ಎದೆ ಬಡಿದುಕೊಂಡಳು. "ಗಾಳಿ ಎಳ್ಕಂಡ್ ಹೋಗ್ಬುಡ್ತು ಕಣಮ್ಮ ಮಗೀನ!" ಎದುರು ಮನೆಯಾಕೆ ಸುಮ್ಮನಿರದೆ, "ಮೂಗುಂಗೂ ಒಂದು ಇಸ್ಕೂಲು! ಆ ಬೀಬಿ ಅದೇನ್ ಕಲ್ಸಿದ್ಲೋ" ಎಂದಳು. ಅಂಗಡಿಯಿಂದ ಓಡಿ ಬಂದ ಅಪ್ಪ, "ಸಿಗ್ಲಿ ಮೊದ್ಲು. ನಾಳೇನೇ ಬರೆ ಹಾಕುಸ್ತೀನಿ" ಎಂದರು. ಸಿಗದಿದ್ದರೆ ಏನು, ಸಿಕ್ಕರೆ ಏನು… ಎರಡಕ್ಕೂ ಹೆದರಿ ನಾನು ಖಾಲಾ ಮನೆಗೆ ಓಡಿದೆ.

ರೊಟ್ಟಿ ತಟ್ಟುತ್ತಿದ್ದವರು ಹಿಟ್ಟಿನ ಕೈಯಲ್ಲೇ ಬಂದರು. ಬಂದವರೇ ಅಜ್ಜಿಯನ್ನು ಕೇಳಿದರು, "ಅವನ ಕೈಯಾಗೆ ಏನಿತ್ತು ಅಮ್ಮಾ?"

"ಮಜ್ಜಿಗೆ ತಂಬ್ಗೆ ಕಣಮ್ಮ, ಇನ್ನೇನಿದ್ದಾತು?"

ಖಾಲಾ ಮುಖ ಬಿಳಿಚಿಕೊಂಡಿತು. "ಯಾ ಅಲ್ಲಾ… ಬಾವಿ!"

ಬಾವಿಯ ಕೊನೆಯ ಮೆಟ್ಟಿಲಲ್ಲಿ, ಪಾಚಿಯ ಮೇಲೆ, ತಮ್ಮ ಕೂತಿದ್ದ. ಪಾದ ನೀರಿನಲ್ಲಿದ್ದವು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈ ಗೋಡೆಯ ಕಲ್ಲಿನ ಮೇಲೆ. ಅದರಾಚೆಗೆ ಕಪ್ಪು ನೀರು. ಅಪ್ಪ ಕೂಗಲು ಬಾಯಿ ತೆರೆದರು. ಖಾಲಾ ಹಿಟ್ಟಿನ ಅಂಗೈಯಿಂದ ಆ ಬಾಯಿಯನ್ನು ಮುಚ್ಚಿಬಿಟ್ಟರು! ಪರಗಂಡಸಿನ ಎದುರು ಸೆರಗು ಸರಿಸದ ಹೆಂಗಸು.

"ಕೂಗ್ಬ್ಯಾಡಿ ಅಣ್ಣ. ಕೂಗಿದ್ರೆ ಕಿವಿ ಮುಚ್ಕಂತಾನೆ. ಕೈ ಬಿಟ್ರೆ ಬಿದ್ದೋಯ್ತಾನೆ."

ಖಾಲಾ ದಿನವೂ ಇಳಿಯುವಂತೆಯೇ ನಿಧಾನವಾಗಿ ಇಳಿದರು. ಪಕ್ಕದಲ್ಲಿ ಕೂತರು. ತಂಬಿಗೆ ಇಸಿದುಕೊಂಡು ಅವನ ಕೈ ತೊಳೆದರು, ಕಾಲು ತೊಳೆದರು. ಎಳೆದು ತರಬಾರದೇ ಎಂದು ನನ್ನ ಜೀವ ಒದ್ದಾಡುತ್ತಿತ್ತು. ಕೊನೆಗೆ ಸೊಂಟದಲ್ಲಿ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಕಂಬಳಿ ತುಂಡು ತೆಗೆದು ಅವನ ಕೈಗಿಟ್ಟರು. ತಮ್ಮ ಎದ್ದ. ಒಂದೊಂದೇ ಮೆಟ್ಟಿಲು ಹತ್ತಿ ಬಂದ.

ಮೇಲೆ ಬಂದ ಮೇಲೆ ಖಾಲಾ ಕುಸಿದು ಅತ್ತರು. "ತಪ್ಪು ನಂದೇ ಅಣ್ಣ. ತಂಬಿಗೆ ಅಂದ್ರೆ ಬಾವಿ ಅಂತ ಅವನ್ಗೆ ಕಲ್ಸ್ದೆ, ನಿಮ್ ಮನೇವ್ರಿಗೆ ಹೇಳ್ಲಿಲ್ಲ." ಅಪ್ಪ ತುಟಿಗೆ ಮೆತ್ತಿದ ಹಿಟ್ಟನ್ನು ಟವೆಲಿನಿಂದ ಒರೆಸಿಕೊಂಡರು. ಮರುದಿನ ತಮ್ಮನನ್ನು ತಾವೇ ಹಜಾರದವರೆಗೆ ಬಿಟ್ಟು ಬಂದರು. ಬರೆಯ ಮಾತು ಮತ್ತೆ ಎತ್ತಲಿಲ್ಲ. ಅಜ್ಜಿ ಮಾತ್ರ ಮನೆಯ ತಂಬಿಗೆಗಳನ್ನೆಲ್ಲ ಅಟ್ಟಕ್ಕೆ ಏರಿಸಿ, "ಯಾವಳಾದ್ರೂ ಮುಟ್ಟೀರಾ, ಜೋಕೆ!" ಎಂದಳು.

ಕೆಲವು ವರ್ಷಗಳಲ್ಲಿ ಜ್ವರ ಬಂದು ಖಾಲಾ ತೀರಿಕೊಂಡರು. ಮಗಳನ್ನು ನೆಂಟರು ಕರೆದೊಯ್ದರು, ಹಜಾರ ಮುಚ್ಚಿತು. ತಮ್ಮ ಅದೆಲ್ಲಿಂದಲೋ ತಂಬಿಗೆ ಹುಡುಕಿ ತಂದು ದಿನವೂ ಆ ಬಾಗಿಲ ಮುಂದೆ ನಿಲ್ಲುತ್ತಿದ್ದ. ಇನ್ನು ಅವರು ಬರುವುದಿಲ್ಲ ಎಂದು ತಿಳಿಸಲು ಕೈಗೆ ಯಾವ ವಸ್ತು ಕೊಡಬೇಕು? ಅದೊಂದನ್ನು ಖಾಲಾ ಹೇಳಿಕೊಟ್ಟಿರಲಿಲ್ಲ…

ತಮ್ಮ ನನ್ನ ಜೊತೆಯಲ್ಲೇ ಮುದುಕನಾದ. ಹೋದ ವರ್ಷ ಆಸ್ಪತ್ರೆಯ ಮಂಚದಿಂದ ಕೈ ಚಾಚಿ, ಆಗಿನಿಂದ ಬಿಡದೆ ಇಟ್ಟುಕೊಂಡಿದ್ದ ಈ ಕಂಬಳಿ ತುಂಡನ್ನು ನನ್ನ ಅಂಗೈಯಲ್ಲಿಟ್ಟ. ಮನೆಗೆ ಹೋಗೋಣ ಎಂದು. ನಾನು ಅದನ್ನು ಹಿಡಿದುಕೊಂಡೇ ಕೂತಿದ್ದೆ. ಕರೆದುಕೊಂಡು ಬರಲು ಆಗಲಿಲ್ಲ. ಒಂಟಿಯಾಗಿ ಬಂದು ಅದನ್ನು ಟ್ರಂಕಿನ ತಳಕ್ಕೆ ಸೇರಿಸಿದ್ದೆ.

ಬಿಸಿಲು ಇಳಿದ ಮೇಲೆ ಬಟ್ಟೆಗಳನ್ನು ಮಡಚಿ, ಅದದರ ಜಾಗದಲ್ಲಿ ಇಟ್ಟೆ. ತುಂಡು ಮಾತ್ರ ಇನ್ನೂ ನನ್ನ ಕೈಯಲ್ಲೇ ಇದೆ.