ಪಲ್ಟಿ ರುದ್ರೇಶನ ಮೂರು ಅಪಘಾತಗಳು

೧೯೮೩ರಲ್ಲಿ ನಾನು ತುಮಕೂರಿನಲ್ಲಿ ಮೋಟಾರು ವಾಹನ ಇನ್‌ಸ್ಪೆಕ್ಟರ್ ಆಗಿದ್ದೆ. ಅಪಘಾತವಾದ ವಾಹನವನ್ನು ಪರೀಕ್ಷಿಸಿ, ತಪ್ಪು ಯಂತ್ರದ್ದೋ ಚಾಲಕನದ್ದೋ ಎಂದು ವರದಿ ಕೊಡುವುದು ಕೆಲಸದ ಒಂದು ಭಾಗ. ಗುಬ್ಬಿ, ಕುಣಿಗಲ್ ಎರಡೂ ನನ್ನ ಪಾಲಿಗೇ ಬಂದಿದ್ದವು. ಬಸ್ಸಿನಲ್ಲಿ ಓಡಾಡಿ ಬೆನ್ನು ಸೋತಿತ್ತು. ಹದಿನಾಲ್ಕು ವರ್ಷ ನುಜ್ಜುಗುಜ್ಜಾದ ಗಾಡಿಗಳನ್ನೇ ನೋಡಿ ಕುತೂಹಲವೂ ಸತ್ತಿತ್ತು.

ಆ ವರ್ಷ ಹುತ್ರಿದುರ್ಗದ ಹತ್ತಿರ ಕಾರು ಓಟದ ಸ್ಪರ್ಧೆಯಲ್ಲಿ ಒಂದು ರ‍್ಯಾಲಿ ಕಾರು ಮಗುಚಿತು. ಓಡಿಸುತ್ತಿದ್ದವನು ಗುಬ್ಬಿಯ ರುದ್ರೇಶ. ವಾರವೆಲ್ಲ ಟ್ಯಾಕ್ಸಿ, ರ‍್ಯಾಲಿ ಇದ್ದಾಗ ಯಾರಾದರೂ ಕೊಟ್ಟ ಕಾರು ಓಡಿಸುತ್ತಿದ್ದ. ಇದು ಅವನ ಮೂರನೆಯ ಅಪಘಾತ. ಜನ ಅವನನ್ನು ‘ಪಲ್ಟಿ ರುದ್ರೇಶ’ ಎಂದೇ ಕರೆಯುತ್ತಿದ್ದರು. ಈ ಸಲ ಪಕ್ಕದಲ್ಲಿ ಕುಳಿತಿದ್ದವನ ತೊಡೆಯ ಮೂಳೆ ಮುರಿದಿತ್ತು. ಲೈಸೆನ್ಸ್ ರದ್ದು ಮಾಡುವ ನೋಟಿಸ್ ಸಿದ್ಧವಾಗಿತ್ತು, ನನ್ನ ವರದಿಯೊಂದೇ ಬಾಕಿ. ಲೈಸೆನ್ಸ್ ಹೋದರೆ ಟ್ಯಾಕ್ಸಿಯೂ ಹೋಗುತ್ತಿತ್ತು.

ಕುಣಿಗಲ್ ಠಾಣೆಯಲ್ಲಿ ತಂದಿಟ್ಟಿದ್ದ ಕಾರಿನ ಸುತ್ತ ಒಂದು ಸುತ್ತು ಹಾಕಿ, ‘ಅತಿವೇಗ ಮತ್ತು ಅಜಾಗರೂಕತೆ’ ಎಂದು ಬರೆಯಲು ಪೆನ್ನು ತೆಗೆದೆ. ಹಣೆಗೆ ಬ್ಯಾಂಡೇಜ್ ಕಟ್ಟಿಕೊಂಡು ಅಲ್ಲೇ ನಿಂತಿದ್ದ ರುದ್ರೇಶ ಮೆಲ್ಲಗೆ ಹೇಳಿದ, “ಸಾರ್, ಒಂದ್ಸಲ ಕೆಳಗೆ ಬಗ್ಗಿ ನೋಡಿ. ಹಿಂದಿನ ಎರಡು ಸಲಾನೂ ನೀವು ನೋಡ್ಲಿಲ್ಲ.”

ಸಿಟ್ಟು ಬಂತು. ಆದರೂ ಬಗ್ಗಿದೆ. ಸ್ಟಿಯರಿಂಗ್ ತಿರುಗಿಸಿದಂತೆ ಚಕ್ರವನ್ನು ಎಳೆಯುವ ಸರಳಿಗೆ ಟೈ ರಾಡ್ ಎನ್ನುತ್ತಾರೆ. ಅದು ತುಂಡಾಗಿತ್ತು. ಹೊಸದಾಗಿ ಮುರಿದ ಉಕ್ಕು ಹೊಳೆಯುತ್ತದೆ. ಇಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿ ತುಕ್ಕು ಹಿಡಿದಿತ್ತು, ಅಂಚು ಮಾತ್ರ ಹೊಳೆಯುತ್ತಿತ್ತು. ಎಂದರೆ ಬಿರುಕು ಎಷ್ಟೋ ದಿನ ಹಿಂದಿನದು. ಇವನು ಸ್ಟಿಯರಿಂಗ್ ತಿರುಗಿಸಿದ್ದ, ಚಕ್ರ ತಿರುಗಿರಲಿಲ್ಲ.

ಆಫೀಸಿಗೆ ಬಂದು ಹಳೆಯ ಫೈಲು ತೆಗೆಸಿದೆ. ಎರಡೂ ವರದಿ ನನ್ನದೇ ಕೈಬರಹ, ಅದೇ ಮಾತು. ಮೊದಲ ಕಾರು ಗುಬ್ಬಿಯ ಒಂದು ಗ್ಯಾರೇಜಿನ ಹಿಂದೆ ಗುಜರಿಯಾಗಿ ಬಿದ್ದಿತ್ತು. ಮಾರನೆಯ ದಿನ ರುದ್ರೇಶನನ್ನು ಕರೆದುಕೊಂಡು ಹೋದೆ. ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಹೋಸ್ ಚಕ್ರಕ್ಕೆ ಉಜ್ಜಿ ಉಜ್ಜಿ ತೂತಾಗಿತ್ತು. ಆ ಸಲ ಬ್ರೇಕೇ ಹಿಡಿದಿರಲಿಲ್ಲ.

“ಎರಡನೇದು?” ಎಂದೆ.

“ಊರ್ಡಿಗೆರೆ ಹತ್ರದ್ದಾ ಸಾರ್? ಅದು ನಂದೇ ತಪ್ಪು. ಮುಂದಿನ ಗಾಡೀನ ಹಿಂದಾಕ್ಬೇಕು ಅಂತ ತಿರುವಲ್ಲಿ ನುಗ್ಗಿಸ್ದೆ.”

“ಒಪ್ಕೊಂಡ್ರೆ ನಿನಗೇ ತೊಂದ್ರೆ ಕಣೋ.”

“ಆಗ್ಲಿ ಬುಡಿ ಸಾರ್. ಮಾಡಿದ್ದಕ್ಕೆ ಬೈಸ್ಕೋತೀನಿ. ಮಾಡ್ದೇ ಇರೋದಕ್ಕೂ ಬೈಸ್ಕೊಂಡು ಸಾಕಾಗೈತೆ.”

ಮೂರನ್ನೂ ಇದ್ದಂತೆ ಬರೆದೆ. ಮೊದಲ ವರದಿ ತಪ್ಪು ಎಂದೂ ಸೇರಿಸಿದೆ. ಮೇಲಧಿಕಾರಿ ಕನ್ನಡಕ ತೆಗೆದಿಟ್ಟು ಕೇಳಿದರು, “ನೀವೇ ಹಿಂಗೆ ಬರ್ಕೊಟ್ರೆ ನಾಳೆ ನಿಮ್ಮ ಮಿಕ್ಕಿದ ರಿಪೋರ್ಟ್‌ನ ಯಾರ್ರೀ ನಂಬ್ತಾರೆ?” ಸಹಿ ಹಾಕಿ ಕೊಟ್ಟೆ. ವಾರದಲ್ಲಿ ವಿವರಣೆ ಕೇಳಿ ನನಗೊಂದು ಮೆಮೊ ಬಂತು. ರುದ್ರೇಶನ ಲೈಸೆನ್ಸ್ ಉಳಿಯಿತು.

ಕೆಟ್ಟ ಹೆಸರು ಮಾತ್ರ ಹೋಗಲಿಲ್ಲ. ಅವನಿಗೆ ಮತ್ತೆ ಯಾರೂ ರ‍್ಯಾಲಿ ಕಾರು ಕೊಡಲಿಲ್ಲ. ಎರಡು ವರ್ಷದ ನಂತರ ಗುಬ್ಬಿಯಲ್ಲಿ ಅವನ ಟ್ಯಾಕ್ಸಿ ಹತ್ತಿದೆ. ಮೊದಲೇ ಕುಳಿತಿದ್ದ ಒಬ್ಬರು ಅವನ ಹೆಸರು ಕೇಳಿದವರೇ ಇಳಿದುಹೋದರು. ರುದ್ರೇಶ ಗಾಡಿ ಸ್ಟಾರ್ಟ್ ಮಾಡಿದ.

ದಣಿದವನ ಕೈಗೆ ಸಿದ್ಧ ಮಾತು ಬೇಗ ಒದಗುತ್ತದೆ, ಅದರ ಫಲ ಇನ್ನೊಬ್ಬ ಉಣ್ಣುತ್ತಾನೆ. ಆ ಕೆಲಸದಲ್ಲಿ ನಾನು ಕಲಿತದ್ದು ಇಷ್ಟೇ. ನಿವೃತ್ತನಾಗುವವರೆಗೆ ಪ್ರತಿ ಗಾಡಿಯ ಅಡಿಗೂ ಬಗ್ಗಿ ನೋಡಿದೆ. ರುದ್ರೇಶನ ಕೇಸಿಗೂ ಹಿಂದಿನ ವರದಿಗಳಲ್ಲಿ ಇಂಥವು ಇನ್ನೆಷ್ಟಿದ್ದವೋ. ಹುಡುಕುವ ಧೈರ್ಯ ನನಗೆ ಬರಲಿಲ್ಲ.